ಎಲ್ಲಿ ದುಃಖ ಆಗ್ತದ್ರಿ?

ಮಂದಾ ಮೇಡಂ ಯಾರನ್ನೇ ಮುಟ್ಟುವ ಮೊದಲು ಒಂದು ಚಹಾ ತರಿಸುತ್ತಿದ್ದರು. ಕುಡಿಯಲಿಕ್ಕಲ್ಲ. ಗಾಜಿನ ಲೋಟವನ್ನು ಎರಡೂ ಅಂಗೈಗಳ ನಡುವೆ ಹಿಡಿದು, ಎದುರಿಗೆ ಕೂತವರನ್ನು ಅದೂ ಇದೂ ಕೇಳುತ್ತ, ಆ ಬಿಸಿ ತಮ್ಮ ಕೈಗೆ ಇಳಿಯುವ ತನಕ ಕಾಯುತ್ತಿದ್ದರು. "ನನ್ನ ಕೈ ಹುಟ್ಟಾ ಥಂಡ್ ಅವ್ರಿ. ಹಂಗ ಮುಟ್ಟಿದ್ರ ನೀವು ಕುರ್ಚಿ ಬಿಟ್ಟು ಹಾರ್ತೀರಿ" ಎನ್ನುವರು. ಆಮೇಲೆ ಚಿಕಿತ್ಸೆಯೆಲ್ಲ ಮುಗಿದು, ಚಹಾ ಆರಿ ಕೆನೆ ಕಟ್ಟಿದ ಮೇಲೆ, ಕಷಾಯ ಕುಡಿಯುವವರ ಮುಖ ಮಾಡಿ ಒಂದೇ ಗುಟುಕಿಗೆ ಮುಗಿಸುತ್ತಿದ್ದರು. ಅವರು ಬಿಸಿ ಚಹಾ ಕುಡಿದದ್ದನ್ನು ನಾನಂತೂ ನೋಡಿಲ್ಲ.

ಪುಣೆಯ ಬಿಬವೇವಾಡಿಯಲ್ಲಿ ಕಾಯಿಪಲ್ಯೆ ಮಾರ್ಕೆಟ್ಟಿನ ಹಿಂದೆ ಒಂದು ಧರ್ಮಾರ್ಥ ದವಾಖಾನೆ. ಅದರ ಮೊದಲನೇ ಮಾಳಿಗೆಯ ಉದ್ದನೆಯ ಕೋಣೆ ಮೇಡಮ್ಮಿನ ರಾಜ್ಯ. ಗೋಡೆಗೆ ಭುಜ ತಿರುಗಿಸುವ ಒಂದು ಗಾಲಿ, ಮೂಲೆಯಲ್ಲಿ ಮೇಣ ಕರಗಿಸುವ ಪಾತ್ರೆ, ಹಸಿರು ಪರದೆಗಳ ಹಿಂದೆ ಮಂಚಗಳು. ಕೆಳಗಿನಿಂದ ಕೊತ್ತಂಬರಿಯ ವಾಸನೆ, ಮೇಲೆ ಮೇಣದ ವಾಸನೆ. ಮೇಡಂ ಐವತ್ತು ದಾಟಿದವರು, ಗಿಡ್ಡ, ದನಿ ಮಾತ್ರ ಮಾರ್ಕೆಟ್ಟಿನ ತನಕ ಹೋಗುವಂಥದು. ದಿನಾ ದೇಹೂ ರೋಡಿನಿಂದ ಲೋಕಲ್ ರೈಲು ಹಿಡಿದು, ಆಮೇಲೆ ಬಸ್ಸು ಹಿಡಿದು ಬರುತ್ತಿದ್ದರು. ಮದುವೆಯಾಗಿರಲಿಲ್ಲ. ಮನೆಯಲ್ಲಿ ತಾಯಿಯೊಬ್ಬರೇ.

ನಾನು ಅಲ್ಲಿಗೆ ಹೋದದ್ದು ಬಲಗೈಯನ್ನು ಎಡಗೈಯಲ್ಲಿ ಎತ್ತಿಕೊಂಡು. ಗಣಪತಿ ಹಬ್ಬದ ಗದ್ದಲದಲ್ಲಿ ಹಡಪಸರದ ರಸ್ತೆಯ ಮೇಲೆ ಸ್ಕೂಟರ್ ಜಾರಿ ಮಣಿಕಟ್ಟು ಮುರಿದಿತ್ತು. ಪ್ಲಾಸ್ಟರ್ ಹಾಕಿದರು, ತೆಗೆದರು. ಎಲುಬಿನ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಬಹಳ ಚೆನ್ನಾಗಿ ಕೂಡಿದೆ ಎಂದು ಸಂತೋಷಪಟ್ಟರು. ಎಲುಬು ಕೂಡಿತ್ತು, ನಿಜ. ಕೈ ಮಾತ್ರ ನನ್ನದಾಗಿ ಉಳಿದಿರಲಿಲ್ಲ. ಬಾತುಕೊಂಡು, ಬಣ್ಣ ತಿರುಗಿ, ಚರ್ಮ ಎಣ್ಣೆ ಸವರಿದ ಹಾಗೆ ಮಿಂಚುತ್ತಿತ್ತು. ಅಂಗಿಯ ತೋಳು ತಾಕಿದರೆ ಉರಿ, ಫ್ಯಾನಿನ ಗಾಳಿ ಬಿದ್ದರೂ ಉರಿ. ಪೆಟ್ಟು ಮಾಯ್ದಿದೆ, ನರಗಳು ಮಾತ್ರ ಇನ್ನೂ ಕೂಗುತ್ತಿವೆ ಎಂದರು ಡಾಕ್ಟರು. ಹೀಗೇ ಆಡಿಸದೆ ಇಟ್ಟರೆ ಬೆರಳುಗಳು ಮುದುಡಿಕೊಂಡು ಹಾಗೇ ನಿಂತುಬಿಡುತ್ತವೆ, ಇವತ್ತೇ ಫಿಜಿಯೋಥೆರಪಿಗೆ ಹೋಗಿ ಎಂದು ಕಳಿಸಿದರು.

ನಾನು ಒಂದು ಕಾರ್ಖಾನೆಯ ಸ್ಟೋರಿನಲ್ಲಿ ಗುಮಾಸ್ತ. ಕೈ ಹೋದರೆ ಕೆಲಸ ಹೋದೀತೆಂಬ ಭಯ ಇದ್ದೇ ಇತ್ತು. ಆದರೆ ಒಳಗೊಳಗೆ ನಡೆಯುತ್ತಿದ್ದದ್ದು ಬೇರೆ. ಯಾರಾದರೂ ತಾಕಿಯಾರೆಂದು ಬಸ್ಸು ಬಿಟ್ಟಿದ್ದೆ. ಕೈ ಕುಲುಕಿಯಾರೆಂದು ಮದುವೆ ಮುಂಜಿವೆ ಬಿಟ್ಟಿದ್ದೆ. ಮೆಟ್ಟಿಲ ಮೇಲೆ ಯಾರಾದರೂ ಎದುರು ಬಂದರೆ ಗೋಡೆಗೆ ಹತ್ತಿ ನಿಲ್ಲುತ್ತಿದ್ದೆ. ಹೆಂಡತಿ ಶಾರದಾ ತೀರಿಕೊಂಡ ಮೇಲೆ ಹೇಗೂ ಜನ ಬೇಡವಾಗಿದ್ದರು. ಈಗ ದೂರ ಇರಲಿಕ್ಕೆ ಒಂದು ಒಳ್ಳೆಯ ಕಾರಣವೇ ಸಿಕ್ಕಿತ್ತು. ಆ ಕಾರಣ ನನಗೆ ದಿನದಿನಕ್ಕೂ ಹಿತವಾಗತೊಡಗಿತ್ತು.

ಮೊದಲ ದಿನ ನನ್ನ ಅಡ್ಡಹೆಸರು ಹೊಸಮನಿ ಎಂದು ಕೇಳಿದ ಕೂಡಲೇ ಮೇಡಂ ಮರಾಠಿ ಬಿಟ್ಟು ಕನ್ನಡಕ್ಕೆ ಬಂದರು. ಲೋಟ ಅಂಗೈಯಲ್ಲಿತ್ತು. ನನ್ನ ಕೈಯನ್ನು ಮುಟ್ಟದೆ ಸುಮ್ಮನೆ ನೋಡಿದರು.

"ಭಾಳ ದುಃಖ ಅದ ಅಲ್ರಿ?" ಎಂದರು.

ಪುಣೆಯಲ್ಲಿ ಅಷ್ಟು ವರ್ಷ ಕಳೆದರೂ ಹೀಗೆ ಎದುರಿಗೆ ಕೂತು ಇದನ್ನು ಕೇಳಿದವರು ಯಾರೂ ಇರಲಿಲ್ಲ.

"ಅದ್ರಿ" ಎಂದೆ.

"ಎಷ್ಟ ದಿವ್ಸ ಆತ್ರಿ?"

"ಎರಡ ವರ್ಷ ಆಗ್ಲಿಕ್ಕೆ ಬಂತ್ರಿ."

"ಎರಡ ವರ್ಷ. ಯಾರಿಗೂ ತೋರಿಸಿಲ್ಲೇನ್ರಿ?"

"ಯಾರಿಗೆ ತೋರಿಸ್ಲಿ ಮೇಡಂ. ಮನ್ಯಾಗ ನಾ ಒಬ್ನ ಇರ್ತೀನಿ."

"ಯಾವಾಗ ಹೆಚ್ಚ ಆಗ್ತದ?"

"ಸಂಜಿಗ್ರಿ. ಕೆಲಸದಿಂದ ಬಂದು ಮನಿ ಕೀಲಿ ತಗದಾಗ."

ಮೇಡಂ ಲೋಟ ಕೆಳಗಿಟ್ಟು, ತಮ್ಮ ಮಣಿಕಟ್ಟನ್ನು ಕೀಲಿ ತೆಗೆಯುವ ಹಾಗೆ ತಿರುಗಿಸಿ ತೋರಿಸಿದರು. "ಹಿಂಗ ತಿರುವಿದಾಗ ಏನ್ರಿ?"

"ತಿರುವಿದಾಗ ಅಂತಲ್ರಿ. ಒಳಗ ಹೋದ ಮ್ಯಾಲೆ."

"ಒಳಗ ಅಂದ್ರ ಎಲುಬಿನ ಒಳಗೋ, ಮ್ಯಾಲೆ ಚರ್ಮಕ್ಕೋ?"

ಆಗ ನನಗೆ ಅನುಮಾನ ಬಂತು. "ಮೇಡಂ, ನೀವು ಯಾವ ದುಃಖ ಕೇಳ್ಲಿಕ್ಕತ್ತೀರಿ?"

"ಕೈದ್ರಿ. ಮತ್ತ ಯಾವ್ದು?"

ಮರಾಠಿಯಲ್ಲಿ ದುಖತಂಯ ಕಾ ಎಂದರೆ ನೋಯುತ್ತಿದೆಯಾ ಎಂದಷ್ಟೇ ಅರ್ಥ. ಪುಣೆಯಲ್ಲೇ ಹುಟ್ಟಿ ಬೆಳೆದ ಮೇಡಂ ಅದನ್ನು ಹಾಗೇ ಎತ್ತಿ ಕನ್ನಡದಲ್ಲಿ ಇಟ್ಟಿದ್ದರು. ಅವರ ಕನ್ನಡವೆಲ್ಲ ವಿಜಯಪುರದ ಕಡೆಯ ತಾಯಿಯಿಂದ ಅಡಿಗೆಮನೆಯಲ್ಲಿ ಕಲಿತದ್ದು. ಉಪ್ಪು, ಖಾರ, ಬೈಗುಳ ಎಲ್ಲ ಅಚ್ಚುಕಟ್ಟು; ಹೊಸ್ತಿಲು ದಾಟಿದ ಮಾತುಗಳೆಲ್ಲ ಮರಾಠಿಯಿಂದ ಉದ್ರಿ. ನಾನು ನಾಚಿಕೆಯಿಂದ ಶಾರದಾಳ ವಿಷಯ ಹೇಳಿದೆ. ಅವರು ನಗಲಿಲ್ಲ. ಅಯ್ಯೋ ಪಾಪ ಎನ್ನಲೂ ಇಲ್ಲ. "ಅದಕ್ಕ ನನ್ನ ಕಡೆ ಮಶೀನ್ ಇಲ್ರಿ ಹೊಸಮನಿಯವ್ರ" ಎಂದರು. ಆಮೇಲೆ, "ಕೈ ಕೊಡ್ರಿ. ಮೊದಲ ಇದನ್ನರ ನೋಡೂಣು" ಎಂದು ತಮ್ಮ ಬಿಸಿ ಅಂಗೈ ಚಾಚಿದರು. ಕೊಡಲಿಕ್ಕೆ ನನಗೆ ಬಹಳ ಹೊತ್ತು ಹಿಡಿಯಿತು. ಅವರು ಚಾಚಿದ ಕೈ ಹಿಂದೆ ತೆಗೆಯಲಿಲ್ಲ.

ಬ್ಯಾನಿ ಅನ್ರಿ, ಇಲ್ಲಾ ನೋವು ಅನ್ರಿ ಎಂದು ನಾನು ಎಷ್ಟೋ ಸಲ ತಿದ್ದಿದೆ. "ಗೊತ್ತದರಿ, ಬಾಯಾಗ ಬರಬೇಕಲ್ರಿ" ಎನ್ನುವರು. ಮರುದಿನ ಮತ್ತೆ ಬೆರಳ ಗೆಣ್ಣು ಒತ್ತಿ, "ಎಲ್ಲಿ ದುಃಖ ಆಗ್ತದ್ರಿ?" ನಾನು, "ಯಾವ್ದ್ರಿ ಮೇಡಂ?" ಎನ್ನುವೆ. "ನನ್ನ ಖಾತ್ಯಾಂದು" ಎನ್ನುವರು. ಇದು ನಮ್ಮಿಬ್ಬರ ನಡುವಿನ ತಮಾಷೆಯಾಯಿತು. ದಿನವೆಲ್ಲ ನಾನು ಆಡುತ್ತಿದ್ದ ಕನ್ನಡ ಅದಿಷ್ಟೇ. ಅದನ್ನು ಆಡಲಿಕ್ಕಾಗಿ ನಾನು ಹೊತ್ತಿಗೆ ಮುಂಚೆಯೇ ಹೋಗಿ ಬೆಂಚಿನ ಮೇಲೆ ಕೂತಿರುತ್ತಿದ್ದೆ.

ನೋಯುವ ಕೈಕಾಲುಗಳನ್ನು ಮೇಡಂ ಬಹುವಚನದಲ್ಲಿ ಮಾತಾಡಿಸುತ್ತಿದ್ದರು. ಅದರಲ್ಲೂ ನನ್ನಂಥವರ ಕೈಗೆ ಅವರಿಟ್ಟ ಹೆಸರು ಅಳಿಯಂದ್ರು. "ಇವತ್ತ ಅಳಿಯಂದ್ರು ಹೆಂಗದಾರ್ರಿ? ಮಾರಿ ಯಾಕ ಕೆಂಪಾಗೇದ?" ಎಂದು ಕೈಯನ್ನೇ ಕೇಳುವರು, ನನ್ನನ್ನಲ್ಲ. "ಇವ್ರ ಸ್ವಭಾವ ಹಂಗರಿ. ಮಾತಾಡಿಸಿದ್ರ ಸಿಟ್ಟು. ಮಾತಾಡಿಸದ ಬಿಟ್ರ ಇನ್ನೂ ಸಿಟ್ಟು. ಜಗಳಾ ಮಾಡಿದ್ರ ಕೆಲಸ ಆಗಂಗಿಲ್ಲ. ದಿನಾ ಸ್ವಲ್ಪ ಸ್ವಲ್ಪ ಉಪಚಾರ ಮಾಡಬೇಕು." ಉಪಚಾರವೆಂದರೆ ಮೊದಲು ಬೆಚ್ಚಗಿನ ನೀರಿನ ಬೋಗುಣಿಯಲ್ಲಿ ಒಂದಿಷ್ಟು ಹೊತ್ತು, ತಂಪು ನೀರಿನ ಬೋಗುಣಿಯಲ್ಲಿ ಒಂದಿಷ್ಟು ಹೊತ್ತು. ಆಮೇಲೆ ಅರಳೆಯಿಂದ ಸವರುವುದು. ಅರಳೆ ಸಹಿಸುವಂತಾದ ಮೇಲೆ ಮೆತ್ತನೆಯ ಬಟ್ಟೆ, ಅದು ಸಹಿಸುವಂತಾದ ಮೇಲೆ ದಪ್ಪ ಟಾವೆಲ್ಲು. ಅರಳೆಯಿಂದ ಟಾವೆಲ್ಲಿಗೆ ಬರುವುದರೊಳಗೆ ಚಳಿಗಾಲ ಮುಗಿದಿತ್ತು. ನಾನು ಬೇಸತ್ತು, ಇದೇನು ಮೇಡಂ, ಔಷಧ ಇಲ್ಲ, ಇಂಜೆಕ್ಷನ್ ಇಲ್ಲ, ಬರೇ ಒರೆಸೂದು ಎಂದರೆ, "ನೀವ ಎರಡ ವರ್ಷ ಕೀಲಿ ಹಾಕ್ಕೊಂಡ ಕುಂತೀರಿ. ನಾ ಬಾಗಲಾ ಬಡದ್ರ ಸಾಕು, ಒದಿಲಿಕ್ಕೆ ಬರಂಗಿಲ್ಲ" ಎಂದರು. ಇದು ಯಾರ ಖಾತೆಯ ಮಾತೆಂದು ನಾನು ಕೇಳಲಿಲ್ಲ.

ಒಂದು ದಿನ ಮೇಜಿನ ಮೇಲೆ ಒಂದು ಕನ್ನಡಿಯನ್ನು ನಟ್ಟಗೆ ನಿಲ್ಲಿಸಿದರು. ಬಲಗೈಯನ್ನು ಅದರ ಹಿಂದೆ ಇಡಿಸಿ, ಎಡಗೈಯನ್ನು ಮುಂದೆ ಇಡಿಸಿ, ಕನ್ನಡಿಯಲ್ಲಷ್ಟೇ ನೋಡಬೇಕೆಂದರು. ಎಡಗೈ ಬಿಚ್ಚಿದೆ. ಕನ್ನಡಿಯಲ್ಲಿ ನನ್ನ ಬಲಗೈ ಬಿಚ್ಚಿಕೊಂಡಿತು. ಮುಷ್ಟಿ ಕಟ್ಟಿದೆ, ಅದೂ ಕಟ್ಟಿತು. ಬಾವಿಲ್ಲ, ಉರಿಯಿಲ್ಲ, ಮೊದಲಿನ ಹಾಗೇ ಇದ್ದ ನನ್ನ ಕೈ. ಎರಡೂ ಕೈ ಒಟ್ಟಿಗೆ ಏಳುವುದನ್ನು, ಇಳಿಯುವುದನ್ನು ನೋಡುತ್ತಿದ್ದಂತೆ ನನಗೆ ಅಳು ಬಂತು. ಹಸಿರು ಪರದೆಯ ಆಚೆ ಯಾರೋ ಭುಜದವರು ಗಾಲಿ ತಿರುಗಿಸುತ್ತಿದ್ದರು, ಇಲ್ಲದಿದ್ದರೆ ಜೋರಾಗಿ ಅತ್ತುಬಿಡುತ್ತಿದ್ದೆ.

"ಇದು ಸುಳ್ಳಲ್ಲೇನ್ರಿ ಮೇಡಂ? ಇದು ಎಡಗೈನ ಹೌದಲ್ರಿ" ಎಂದೆ.

"ಸುಳ್ಳಲ್ರಿ, ನೆನಪು. ಅಳಿಯಂದ್ರಿಗೆ ತಾವು ಮೊದಲ ಎಷ್ಟ ಛಂದ ಇದ್ದಿವಿ ಅನ್ನೂದು ಮರತ ಹೋಗೇದ. ನೆನಪ ಮಾಡಿ ಕೊಡೂದು ಅಷ್ಟ." ಆಮೇಲೆ, "ನಿಲ್ಲಿಸಬ್ಯಾಡ್ರಿ. ಅಳಕೋತನ ಮಾಡ್ರಿ" ಎಂದರು.

ಟಾವೆಲ್ಲಿನ ನಂತರ ಮೇಡಂ ಕೇಳಿದ್ದು ನಮ್ಮ ಅಡಿಗೆಮನೆಯ ಸಮಾಚಾರ. ಮನೆಯಲ್ಲಿ ಯಾವ ಯಾವ ಕಾಳಿವೆ? ಬೆಂಕಿ ಪೆಟ್ಟಿಗೆ ಎಲ್ಲಿದೆ ಎಂದು ಕೇಳಿದ್ದರೂ ನನಗೆ ಉತ್ತರ ಗೊತ್ತಿರಲಿಲ್ಲ. ಶಾರದಾ ಹೋದ ಮೇಲೆ ನಾನು ಖಾನಾವಳಿಯಲ್ಲಿ ಉಣ್ಣುತ್ತಿದ್ದೆ. ಡಬ್ಬಿಗಳು ಅವಳು ಮುಚ್ಚಿಟ್ಟ ಹಾಗೇ ಇದ್ದವು. "ಹಿಟ್ಟಿನ ಡಬ್ಬಿ ತಗದು ಅದರಾಗ ಕೈ ಹುಗೀರಿ. ಆಮ್ಯಾಲೆ ರವಾ. ಆಮ್ಯಾಲೆ ಅಕ್ಕಿ. ಕಡೀಕೆ ಜೋಳ" ಎಂದು ಅಪ್ಪಣೆಯಾಯಿತು. ಅಂದು ಸಂಜೆ ಡಬ್ಬಿಗಳನ್ನು ಒಂದೊಂದಾಗಿ ತೆಗೆದೆ. ಹಿಟ್ಟು ಜಾಳಿಗೆಗಟ್ಟಿತ್ತು, ಜೋಳ ನುಸಿ ಹಿಡಿದು ಪುಡಿಯಾಗಿತ್ತು. ಎಲ್ಲ ಚೆಲ್ಲಿ, ಡಬ್ಬಿ ತೊಳೆದು, ಮಾರ್ಕೆಟ್ಟಿಗೆ ಹೋಗಿ ಹೊಸದಾಗಿ ತಂದು ತುಂಬಿದೆ. ಎಡಗೈಯೊಂದರಿಂದಲೇ ಡಬ್ಬಿ ತೊಳೆಯುವುದು ಎಂಥ ಫಜೀತಿ ಎಂದು ಮರುದಿನ ದೂರಿಕೊಂಡೆ. "ಒಂದ ಕೈಲೆ ಯಾರ ತೊಳಿ ಅಂದಿದ್ರು? ನೀರಾಗ ಅವ್ರನ್ನೂ ಕರ್ಕೊಂಡ ಹೋಗಬೇಕಿತ್ತು" ಎಂದು ನನ್ನನ್ನೇ ಬೈದರು.

ಅಕ್ಕಿಯಲ್ಲಿ ಕೈ ಆಡಿಸುವಂತಾದ ಮೇಲೆ ಅವರ ದೊಡ್ಡ ಆಜ್ಞೆ ಬಂತು. ರೊಟ್ಟಿ ಬಡಿಯಬೇಕು.

"ಮೇಡಂ, ಗಂಡಸ್ರು ರೊಟ್ಟಿ ಬಡಿತಾರೇನ್ರಿ?"

"ಜೋಳಕ್ಕೇನ ಗೊತ್ತಾಗ್ತದ್ರಿ ಬಡಿಯವ್ರು ಯಾರಂತ?"

ಇದು ಅವರ ಪುಸ್ತಕದಲ್ಲಿದ್ದ ವ್ಯಾಯಾಮ ಅಲ್ಲ, ಹೊಸಮನಿಯವರಿಗಾಗಿ ಹುಡುಕಿದ್ದು. ಬಿಸಿನೀರಿನಲ್ಲಿ ಕಲಸಿದ ಹಿಟ್ಟು ನಾದುವಾಗ ಬೆರಳು ಬಿಚ್ಚುತ್ತವೆ, ಮಣಿಕಟ್ಟಿನ ಮೇಲೆ ಭಾರ ಬೀಳುತ್ತದೆ. ಬಡಿಯುವಾಗ ಅಂಗೈಗೆ ಪೆಟ್ಟಿನ ರೂಢಿಯಾಗುತ್ತದೆ. ದವಾಖಾನೆಯ ಮೇಜಿನ ಮೇಲೆ ಬರೀ ಕೈಯಿಂದ ಬಡಿದು ತೋರಿಸಿದರು. ಅವರ ಅಂಗೈ ಮೇಜಿನ ಮೇಲೆ ತಿರುಗುವುದನ್ನು ನೋಡಿದರೆ ಇವರಿಗೂ ರೊಟ್ಟಿ ಅಷ್ಟಕ್ಕಷ್ಟೇ ಎಂದು ಗೊತ್ತಾಗುತ್ತಿತ್ತು. ಹಾಗೆಂದು ಹೇಳಿಯೂಬಿಟ್ಟೆ. "ಹೌದ್ರಿ, ನಂದು ಬಡದಷ್ಟೂ ಹರೀತದ. ನಮ್ಮವ್ವ ನಾ ಮಾಡಿದ ರೊಟ್ಟಿ ಆಕಳಿಗಿ ಹಾಕ್ತಾಳ" ಎಂದು ಒಪ್ಪಿಕೊಂಡರು.

ನನ್ನದನ್ನು ಆಕಳೂ ತಿನ್ನುವ ಹಾಗಿರಲಿಲ್ಲ. ಮೊದಲೆರಡು ದಿನ ನೋವಿಗೆ ಹಿಟ್ಟಿನ ಮೇಲೇ ಕಣ್ಣೀರು ಬಿತ್ತು. ಆದರೂ ಬಡಿದೆ. ಒಂದು ಸಂಜೆ ತಕ್ಕಮಟ್ಟಿಗೆ ತಾಳ ಹಿಡಿದು ಬಡಿಯುತ್ತಿದ್ದಾಗ ಬಾಗಿಲ ಗಂಟೆ ಸದ್ದಾಯಿತು. ಬಾಗಿಲು ತೆಗೆದರೆ ಎದುರು ಮನೆಯ ಮರಾಠಿ ಹೆಂಗಸು, ಎಲ್ಲರೂ ಕಾಕು ಎಂದು ಕರೆಯುವವರು. ನನ್ನ ಹಿಂದೆ ಒಳಗೆ ಇಣುಕಿ, ಕೋಣೀ ಆಲಂಯ ಕಾ ಎಂದು ಸಂತೋಷದಿಂದ ಕೇಳಿದರು. ಯಾರಾದರೂ ಬಂದಿದ್ದಾರಾ ಎಂದು. ಈ ಮನೆಯಿಂದ ರೊಟ್ಟಿ ಬಡಿಯುವ ಸದ್ದು ನಿಂತು ಎಷ್ಟು ಕಾಲವಾಗಿತ್ತೆಂಬುದು ಅವರಿಗೂ ಗೊತ್ತಿತ್ತು. ಯಾರೂ ಇಲ್ಲ, ನಾನೇ ಎಂದು ಹಿಟ್ಟು ಮೆತ್ತಿದ ಕೈ ತೋರಿಸಿದೆ. ಅವರ ಮುಖ ಸಣ್ಣದಾಯಿತು. ಬಾಗಿಲು ಹಾಕಿ ಬಂದು ಒಲೆ ಆರಿಸಿ, ಕತ್ತಲಾಗುವ ತನಕ ಅಡಿಗೆಮನೆಯ ನೆಲದ ಮೇಲೆ ಕೂತಿದ್ದೆ. ಒಬ್ಬನಿಗೆ ರೊಟ್ಟಿ ಬಡಿಯುವುದರಷ್ಟು ಒಂಟಿ ಕೆಲಸ ಇನ್ನೊಂದಿಲ್ಲ ಎನ್ನಿಸಿತು.

ಮರುದಿನ ಇದನ್ನು ಮೇಡಮ್ಮಿಗೆ ಹೇಳಿ, ಇನ್ನು ಬಡಿಯುವುದಿಲ್ಲ ಎಂದೆ. ಅವರು ಕೇಳಿ ಮುಗಿಸಿ, "ಎಷ್ಟ ಮಾಡಿದ್ರಿ ನಿನ್ನೆ?" ಎಂದರು. ನಾಕು ಎಂದೆ. "ಎರಡ ತಿಂದಿರ್ತೀರಿ. ಉಳಿದ ಎರಡು?" ಹಾಗೇ ಇವೆ ಎಂದೆ. "ಕಾಕುಗ ಒಯ್ದ ಕೊಡ್ರಿ. ಬಲಗೈಲೆ ಕೊಡಬೇಕು ಮತ್ತ. ಅದೂ ಎಕ್ಸರ್‌ಸಾಯ್ಜ್‌ನ" ಎಂದು ಮುಂದಿನವರನ್ನು ಕರೆದರು. ಒಯ್ದು ಕೊಟ್ಟೆ. ಕಾಕು ತಟ್ಟೆ ತೆಗೆದುಕೊಳ್ಳುವಾಗ ಅವರ ಬೆರಳು ನನ್ನ ಬೆರಳಿಗೆ ತಾಕಿತು. ಚುರ್ರೆಂದಿತು, ತಟ್ಟೆ ಬೀಳಲಿಲ್ಲ.

ಬೇಸಿಗೆಯ ಕೊನೆಗೆ ಒಂದು ದಿನ ಮೇಡಂ ನನ್ನ ಬೆರಳುಗಳನ್ನೆಲ್ಲ ಒಂದೊಂದಾಗಿ ಮಡಚಿಸಿ, ಬಿಚ್ಚಿಸಿ, ಪೆನ್ನು ಹಿಡಿಸಿ, ತುಂಬಿದ ಚೊಂಬು ಎತ್ತಿಸಿ, "ಆತ್ರಿ. ಇನ್ನ ನೀವ ಬರೂದು ಬ್ಯಾಡ" ಎಂದರು. ಮಣಿಕಟ್ಟು ಒತ್ತಿದರೆ ನೋಯುತ್ತಿತ್ತು. ಅಷ್ಟು ಉಳಿಯುತ್ತದೆ, ಅದರ ಜೊತೆ ಬದುಕಬೇಕು ಎಂದರು. ನಾನು ಸಂತೋಷಪಡಬೇಕಾದ ಗಳಿಗೆ. ನನಗೆ ಮನೆಯಿಂದ ಹೊರಗೆ ಹಾಕಿದಂತಾಯಿತು.

"ನಡುವ ನಡುವ ಬಂದು ತೋರಿಸ್ಲೇನ್ರಿ?"

"ಯಾಕ್ರಿ? ಚಲೋ ಆದವ್ರು ಬಂದ್ರ ಬ್ಯಾರೆಯವ್ರ ಜಾಗಾ ಹೋಗ್ತದ. ಚಲೋ ಆದವ್ರು ನನ್ನ ಮರೀಬೇಕ್ರಿ. ಎಲ್ಲಾರೂ ಮರತಾರ." ಅವರು ನಗುತ್ತಲೇ ಹೇಳಿದರು. ಆ ನಗುವಿನಲ್ಲಿ, ದಿನಾ ಅಷ್ಟು ಜನರ ಕೈ ಹಿಡಿದು ಸಂಜೆ ಲೋಕಲ್ಲಿನಲ್ಲಿ ಒಬ್ಬರೇ ಹೋಗುವವರ ದಣಿವಿತ್ತು. ನನಗೆ ಆಗ ಕಂಡದ್ದು ನನ್ನ ದಣಿವಷ್ಟೇ.

ಮಳೆಗಾಲ ಕಳೆಯಿತು. ಮರೆಯಬೇಕೆಂದು ಹೇಳಿದ್ದರೂ ದೀಪಾವಳಿಯ ಮುಂದೆ ಒಂದಿಷ್ಟು ಕರದಂಟು ಕಟ್ಟಿಸಿಕೊಂಡು ದವಾಖಾನೆಗೆ ಹೋದೆ. ಮೇಲಿನ ಕೋಣೆಯಲ್ಲಿ ಮೇಡಂ ಇರಲಿಲ್ಲ. ಬಾಗಿಲಲ್ಲಿ ಕೂಡುತ್ತಿದ್ದ ಆಯಾ ನನ್ನ ಗುರುತು ಹಿಡಿದು ಎದ್ದು ನಿಂತಳು. ಮೇಡಮ್ ಗೇಲ್ಯಾ ಎಂದಳು. ಮೇಡಂ ಹೋದರು. ಇದು ತಿಳಿಯದ ಮಾತಲ್ಲ. ಕನ್ನಡದಲ್ಲೂ ಹೀಗೇ ಹೇಳುತ್ತೇವೆ. ಆದರೂ ಎಲ್ಲಿಗೆ ಎಂದು ಕೇಳಿದೆ. ಆಯಾ ಸೆರಗು ಬಾಯಿಗೆ ಒತ್ತಿಕೊಂಡಳು. ಜ್ವರವೆಂದು ಮಲಗಿದವರಿಗೆ ಎದೆ ಹಿಡಿಯಿತಂತೆ. ಆಗಿ ಹದಿನೈದು ದಿನವಾಗಿತ್ತು. ಅವಳಿಂದ ಮನೆಯ ಗುರುತು ಕೇಳಿಕೊಂಡು, ಆ ಭಾನುವಾರ ಲೋಕಲ್ ಹತ್ತಿದೆ. ಕಾಲಿಡಲಿಕ್ಕೆ ಜಾಗವಿರಲಿಲ್ಲ. ಎಲ್ಲ ಕಡೆಯಿಂದ ಜನ ಒತ್ತುತ್ತಿದ್ದರು. ನಾನು ನಿಂತಿದ್ದೆ.

ದೇಹೂ ರೋಡಿನ ಮನೆ ಚಿಕ್ಕದು. ನಾಶಿಕದಿಂದ ಬಂದಿದ್ದ ಮೇಡಮ್ಮಿನ ತಮ್ಮ ಬಾಗಿಲು ತೆಗೆದರು. ಅವರ ಹೆಂಡತಿ, ಮಕ್ಕಳು ಒಳಗೆ ಮರಾಠಿಯಲ್ಲಿ ಮೆಲ್ಲಗೆ ಮಾತಾಡುತ್ತಿದ್ದರು, ಸಾಮಾನು ಕಟ್ಟುತ್ತಿದ್ದರು. ತಾಯಿಯನ್ನು ನಾಶಿಕಕ್ಕೆ ಕರೆದುಕೊಂಡು ಹೋಗುವುದಿತ್ತು. "ಅಕ್ಕ ಹೋದಾಗಿಂದ ಅವ್ವ ಬರೇ ಕನ್ನಡದಾಗ ಮಾತಾಡ್ತಾಳ್ರಿ" ಎಂದರು ತಮ್ಮ, ತಡವರಿಸುವ ಕನ್ನಡದಲ್ಲಿ. "ನನಗ ಅರ್ಧಾ ಸಮಜತದ. ಇವ್ರಿಗೆ ಏನೂ ಇಲ್ಲ. ಈಗ ಅದೂ ಬಿಟ್ಟಾಳ." ಕಿಟಕಿಯ ಹತ್ತಿರ ಮಂಚದ ಮೇಲೆ ಅವ್ವ ಕೂತಿದ್ದರು. ಬಹಳ ಸಣ್ಣ ಜೀವ. ನಾನು ಎದುರಿಗೆ ನೆಲದ ಮೇಲೆ ಕೂತೆ.

"ಅವ್ವಾರ, ನಾ ಪುಣೇದಿಂದ ಬಂದೀನ್ರಿ. ಮೇಡಮ್ಮಿನ ಪೇಷಂಟ್."

ಕನ್ನಡ ಕೇಳಿ ಅವರ ತಲೆ ತಿರುಗಿತು. ನನ್ನನ್ನು ನೋಡಿದರು. "ಏನ ಮುರಕೊಂಡಿದ್ದಿ?"

"ಕೈ ರೀ."

"ಯಾವ ಕೈ ಮಾಡಿದ್ಲು ಅಕಿ?"

ಬಲಗೈ ಮುಂದೆ ಚಾಚಿದೆ. ಅವರು ಅದನ್ನು ತಮ್ಮ ಎರಡೂ ಕೈಗಳಲ್ಲಿ ತೆಗೆದುಕೊಂಡರು. ಬೆರಳುಗಳನ್ನು ಸವರಿದರು, ಅಂಗೈ ಬಿಡಿಸಿ ನೋಡಿದರು, ತಿರುವಿ ನೋಡಿದರು. ಆಮೇಲೆ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡು ಅಳತೊಡಗಿದರು. ಅಷ್ಟು ದಿನ ಅತ್ತಿರಲಿಲ್ಲವೆಂದು ಕಾಣುತ್ತದೆ; ಒಳಗಿನಿಂದ ಎಲ್ಲರೂ ಓಡಿ ಬಂದು ನಿಂತರು. ಆ ಸಣ್ಣ ಜೀವಕ್ಕೆ ಅಷ್ಟು ಬಲ ಎಲ್ಲಿತ್ತೋ. ನೋವು ಮೊಣಕೈಗೆ ಏರಿತು, ಅಲ್ಲಿಂದ ಭುಜಕ್ಕೆ ಏರಿತು. ನನ್ನ ಮುಖ ನೋಡಿ ತಮ್ಮ ಬಿಡಿಸಲು ಮುಂದೆ ಬಂದರು. ನಾನು ಎಡಗೈ ಎತ್ತಿ ಬೇಡವೆಂದೆ.

ಬಹಳ ಹೊತ್ತಿನ ಮೇಲೆ ಅವ್ವ ತಾವು ಹಿಡಿದದ್ದನ್ನು ಗಮನಿಸಿದರು. "ಬಿಡ್ಲೇನಪಾ?" ಎಂದರು.

"ಹಿಡ್ಕೊಂಡಿರ್ರಿ, ಅವ್ವಾರ" ಎಂದೆ.